ಬ್ಯಾಣದ ಹುಲ್ಲು ಮುಗಿಯುವ ಮೊದಲು ಹಸುವನ್ನು ಕೊಟ್ಟಿಗೆಗೆ ಒಗ್ಗಿಸುವುದು ಹೇಗೆ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಳಹಳ್ಳಿ. ಕೊಟ್ಟಿಗೆಯಲ್ಲಿ ಆರು ಜಾನುವಾರುಗಳಿವೆ: ಎರಡು ಜರ್ಸಿ ಮಿಶ್ರತಳಿ, ಮೂರು ಮಲೆನಾಡು ಗಿಡ್ಡ (ಸಣ್ಣ ಮೈಯ ನಾಟಿ ತಳಿ), ಒಂದು ವರ್ಷದ ಹೆಣ್ಣುಗರು. ಒಂದು ಜರ್ಸಿ ಕರು ಹಾಕಿ ಎರಡು ತಿಂಗಳಾಯಿತು, ದಿನಕ್ಕೆ 9 ಲೀಟರ್ ಹಾಲಿದೆ. ಇನ್ನೊಂದರ ಗಬ್ಬಕ್ಕೆ ಏಳು ತಿಂಗಳು ತುಂಬಿದೆ, ಇನ್ನೂ 3 ಲೀಟರ್ ಕೊಡುತ್ತಿದೆ. ಮಳೆ ನಿಂತ ಮೇಲೆ ಎಲ್ಲವನ್ನೂ ಬ್ಯಾಣಕ್ಕೂ (ಹುಲ್ಲುಗಾವಲು) ಸೊಪ್ಪಿನ ಬೆಟ್ಟಕ್ಕೂ ಬಿಡುತ್ತೇವೆ, ಸಂಜೆ ತಾವಾಗಿಯೇ ಬರುತ್ತವೆ. ಕಳೆದ ವರ್ಷ ಸಂಕ್ರಾಂತಿಯ ಮರುದಿನ ಎಲ್ಲವನ್ನೂ ಕಟ್ಟಿ ಒಣಹುಲ್ಲು, ಹಿಂಡಿ ಶುರು ಮಾಡಿದೆವು. ನಾಲ್ಕೇ ದಿನದಲ್ಲಿ ಹಾಲು 8ರಿಂದ 5 ಲೀಟರಿಗೆ ಇಳಿಯಿತು. ಹಬ್ಬದಲ್ಲಿ ಉಳಿದ ಅನ್ನ, ಪಾಯಸ ಕುಡಿದ ಗಿಡ್ಡ ಒಂದು ಹೊಟ್ಟೆ ಉಬ್ಬಿ ಮಲಗಿಬಿಟ್ಟಿತು, ಉಳಿದದ್ದೇ ಹೆಚ್ಚು. ಚಳಿಗೆಂದು ಕೊಟ್ಟಿಗೆಯ ಸುತ್ತ ಟಾರ್ಪಾಲು ಕಟ್ಟಿದ್ದೆವು, ಫೆಬ್ರವರಿಯಲ್ಲಿ ಜರ್ಸಿಗೆ ಕೆಚ್ಚಲು ಬಾವು ಬಂತು. ಗಿಡ್ಡ ದನ ಕಟ್ಟಿದರೆ ಬಾಳುವುದಿಲ್ಲ ಎಂದು ಕೆಲವರು, ಮಂಗನ ಕಾಯಿಲೆ ಇರುವಾಗ ದನವನ್ನು ಕಾಡಿಗೆ ಬಿಡಲೇಬಾರದು ಎಂದು ಕೆಲವರು ಹೇಳುತ್ತಾರೆ. ಗಬ್ಬದ ಹಸುವಿಗೆ ಜಂತಿನ ಔಷಧಿ ಕೊಟ್ಟರೆ ಕಂದು ಹಾಕುತ್ತದೆ (ಗರ್ಭಪಾತವಾಗುತ್ತದೆ) ಎನ್ನುವ ಹೆದರಿಕೆಯೂ ಇದೆ. ಈ ವರ್ಷ ಯಾವಾಗ, ಹೇಗೆ ಕಟ್ಟಬೇಕು?

ಉತ್ತರ: ಕಟ್ಟಿದ್ದು ತಪ್ಪಲ್ಲ, ಒಂದೇ ದಿನದಲ್ಲಿ ಕಟ್ಟಿದ್ದು ತಪ್ಪಾಯಿತು. ಹಸುವನ್ನು ಗೂಟಕ್ಕೆ ಕಟ್ಟಲು ಐದು ನಿಮಿಷ ಸಾಕು. ಅದರ ಹೊಟ್ಟೆ ಹಸಿಹುಲ್ಲಿನಿಂದ ಒಣಹುಲ್ಲಿಗೆ ಹೊರಳಲು ಎರಡರಿಂದ ಮೂರು ವಾರ ಬೇಕು. ಹಾಲು ಇಳಿದದ್ದು ಈ ಅವಸರದಿಂದ. ಹೊಟ್ಟೆಯುಬ್ಬರ ಅನ್ನ, ಪಾಯಸದಿಂದ. ಕೆಚ್ಚಲು ಬಾವಿನ ವಿಷಯದಲ್ಲಿ ನನ್ನ ಅನುಮಾನವೆಲ್ಲ ಆ ಟಾರ್ಪಾಲಿನ ಮೇಲೆ.

ಹಸುವಿನ ಎಡಪಕ್ಕೆಯನ್ನು ಪೂರ್ತಿ ತುಂಬಿಕೊಂಡಿರುವ ದೊಡ್ಡ ಚೀಲಕ್ಕೆ ರೂಮೆನ್ ಎನ್ನುತ್ತೇವೆ. ಮೇವನ್ನು ಅಲ್ಲಿ ಅರಗಿಸುವುದು ಹಸುವಲ್ಲ, ಅದರೊಳಗೆ ಬದುಕುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಬ್ಯಾಣದ ಎಳೆಹುಲ್ಲಿಗೆ ಒಂದು ಬಗೆಯವು ಹೆಚ್ಚಿರುತ್ತವೆ, ನಾರಿನ ಒಣಹುಲ್ಲಿಗೆ ಇನ್ನೊಂದು ಬಗೆ, ಹಿಂಡಿ ಮತ್ತು ಕಾಳಿಗೆ ಮತ್ತೊಂದು. ಮೇವು ಬದಲಾದರೆ ಹಳೆಯ ಬಗೆ ಕುಗ್ಗಿ ಹೊಸ ಬಗೆ ಹೆಚ್ಚಬೇಕು, ಅದು ರಾತ್ರಿ ಬೆಳಗಾಗುವುದರಲ್ಲಿ ಆಗುವುದಿಲ್ಲ. ಅಲ್ಲಿಯವರೆಗೆ ತಿಂದ ಒಣಹುಲ್ಲು ಅರಗದೆ ಚೀಲದಲ್ಲೇ ಕೂರುತ್ತದೆ, ಚೀಲ ಖಾಲಿಯಾಗದೆ ಹಸು ಮತ್ತೆ ತಿನ್ನುವುದಿಲ್ಲ. ನೋಡುವವರಿಗೆ ಹೊಟ್ಟೆ ತುಂಬಿದಂತೆಯೇ ಕಾಣುತ್ತದೆ, ಮೈಗೆ ಸೇರುವುದು ಮಾತ್ರ ಕಡಿಮೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ 3ರಿಂದ 4 ಪಾಲು ಅಷ್ಟೆ. ಸೂಕ್ಷ್ಮಜೀವಿಗಳೇ ಉಪವಾಸ ಬಿದ್ದ ಮೇಲೆ ಹಾಲು ಎಲ್ಲಿಂದ ಬರಬೇಕು?

ಒಣಹುಲ್ಲು ಹಾಲನ್ನು ಒಣಗಿಸುತ್ತದೆ ಎನ್ನುವ ಮಾತು ಅರ್ಧ ನಿಜ. ಉಳಿದರ್ಧ ನೀರಿನ ಕಥೆ. ಹಸಿಹುಲ್ಲಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ಸಾಲದ್ದಕ್ಕೆ ದಾರಿಯ ಹಳ್ಳದಲ್ಲಿ ಬೇಕಾದಾಗ ಬಾಯಿ ಹಾಕುತ್ತಿತ್ತು. ಕಟ್ಟಿದ ಮೇಲೆ ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಕಲಗಚ್ಚು ಇಟ್ಟು ಸುಮ್ಮನಾಗುತ್ತೇವೆ. 9 ಲೀಟರ್ ಕರೆಯುವ ಹಸು ಒಣಮೇವಿನ ಮೇಲಿದ್ದರೆ ಅದಕ್ಕೆ ದಿನಕ್ಕೆ 50ರಿಂದ 60 ಲೀಟರ್ ನೀರು ಬೇಕು. ನೀರು ಜಾಸ್ತಿ ಕುಡಿಸಿದರೆ ಹಾಲು ತೆಳುವಾಗುತ್ತದೆ ಎನ್ನುವುದು ಸುಳ್ಳು. ನೀರು ಕಡಿಮೆಯಾದರೆ ಹಸು ಮೊದಲು ಮೇವು ಬಿಡುತ್ತದೆ, ಹಿಂದೆಯೇ ಹಾಲೂ ಇಳಿಯುತ್ತದೆ. ಗೋದಲಿಯ ಪಕ್ಕ ನೀರಿನ ಬಾನಿ ಹಗಲೂ ರಾತ್ರಿ ತುಂಬಿರಲಿ. ಬೇರೇನೂ ಮಾಡದೆ ಇದೊಂದನ್ನು ಸರಿಪಡಿಸಿದರೂ ಕಳೆದ ವರ್ಷಕ್ಕಿಂತ ವಾಸಿ.

ಹಬ್ಬದ ಅನ್ನ

ಪ್ರೀತಿಯಿಂದ ಹಾಕಿದ ಅನ್ನವೇ ಹಸುವಿನ ಜೀವ ತೆಗೆಯುವುದು ನಮ್ಮ ಕಡೆ ಹಬ್ಬ, ಮದುವೆ, ಗೃಹಪ್ರವೇಶಗಳ ಮರುದಿನ. ಅನ್ನದ ಪಿಷ್ಟ ರೂಮೆನ್ನಿನಲ್ಲಿ ಕೆಲವೇ ಗಂಟೆಗಳಲ್ಲಿ ಹುದುಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಹುಳಿ ಏರಿದಂತೆ ನಾರು ಅರಗಿಸುವ ಜೀವಿಗಳು ಸಾಯುತ್ತವೆ, ಚೀಲದ ಅಲುಗಾಟ ನಿಲ್ಲುತ್ತದೆ, ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ. ಹಸು ಹಲ್ಲು ಕಡಿಯುತ್ತದೆ, ಕಣ್ಣು ಗುಳಿ ಬೀಳುತ್ತದೆ, ಹುಳಿ ವಾಸನೆಯ ಬೂದು ಬಣ್ಣದ ಸಗಣಿ ನೀರಾಗಿ ಹೋಗುತ್ತದೆ, ಕೊನೆಗೆ ಏಳಲಾರದೆ ಮಲಗಿಬಿಡುತ್ತದೆ. 130 ಕೆಜಿಯ ಗಿಡ್ಡಕ್ಕೆ ಜರ್ಸಿಗಿಂತ ಎಷ್ಟೋ ಕಡಿಮೆ ಅನ್ನ ಸಾಕು ಇದಕ್ಕೆ. ಅದರಲ್ಲೂ ಅವತ್ತಷ್ಟೇ ಬ್ಯಾಣ ಬಿಟ್ಟು ಬಂದ ಹೊಟ್ಟೆ.

ಹೆಚ್ಚು ಅನ್ನ ತಿಂದದ್ದು ಗೊತ್ತಾದ ಕೂಡಲೇ ಹಿಂಡಿ, ಅಕ್ಕಿ, ಕಲಗಚ್ಚು ಎಲ್ಲ ನಿಲ್ಲಿಸಿ ಒಣಹುಲ್ಲು ಮಾತ್ರ ಮುಂದಿಡಿ, ವೈದ್ಯರಿಗೆ ಫೋನ್ ಮಾಡಿ. ಅವರು ಬರುವುದು ತಡವಾಗುವುದಾದರೆ ಅಡುಗೆ ಸೋಡಾವನ್ನು ಒಂದೆರಡು ಲೀಟರ್ ನೀರಿನಲ್ಲಿ ಕರಗಿಸಿ ಕುಡಿಸಬಹುದು. ಜರ್ಸಿಗೆ 100ರಿಂದ 150 ಗ್ರಾಂ, ಗಿಡ್ಡಕ್ಕೆ 50 ಗ್ರಾಂ. ಕುಡಿಸುವಾಗ ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಮೇಲೆ ಎತ್ತಬೇಡಿ, ನಾಲಿಗೆ ಎಳೆದು ಹಿಡಿಯಬೇಡಿ, ಕೆಮ್ಮಿದರೆ ತಕ್ಷಣ ಬಿಡಿ. ಔಷಧಿ ಶ್ವಾಸಕೋಶಕ್ಕೆ ಇಳಿದು ಸಾಯುವ ಹಸುಗಳೂ ಉಂಟು. ಮಲಗಿ ಎದ್ದೇಳಲಾಗದ ಹಸುವಿಗೆ ಏನನ್ನೂ ಕುಡಿಸಬೇಡಿ. ಅದಕ್ಕೆ ಬೇಕಾದದ್ದು ರಕ್ತನಾಳಕ್ಕೆ ಕೊಡುವ ಡ್ರಿಪ್, ಅದನ್ನು ವೈದ್ಯರೇ ಹಾಕಬೇಕು.

ಯಾವಾಗ ಶುರು ಮಾಡಬೇಕು

ಸಂಕ್ರಾಂತಿಗೆ ಶುರು ಮಾಡಿದರೆ ತಡ. ನಿಮ್ಮ ಕಡೆ ಡಿಸೆಂಬರ್ ಮಧ್ಯಕ್ಕೇ ಬ್ಯಾಣದ ಹುಲ್ಲು ಕಡ್ಡಿಯಾಗಿರುತ್ತದೆ. ಕೊಯ್ಲಾದ ಗದ್ದೆಯ ಕೂಳೆ ಸ್ವಲ್ಪ ದಿನ ನಡೆಸುತ್ತದೆ, ಅಷ್ಟೆ. ಆಮೇಲೆ ಹಸು ನಡೆಯುವ ದೂರ ಹೆಚ್ಚುತ್ತದೆ, ಸಿಗುವ ಮೇವು ಕಡಿಮೆಯಾಗುತ್ತದೆ. ಹಸಿದ ದನ ಮಾಮೂಲಿಗೆ ಮೂಸಿಯೂ ನೋಡದ ಲಂಟಾನಕ್ಕೆ ಬಾಯಿ ಹಾಕುವುದು ಈ ಹೊತ್ತಿನಲ್ಲೇ. ಲಂಟಾನ ಯಕೃತ್ತನ್ನು ಕೆಡಿಸುತ್ತದೆ. ಮೇವು ಬಿಡುವುದು, ಸಗಣಿ ಗಟ್ಟಿಯಾಗುವುದು, ಕಣ್ಣು ಹಳದಿಯಾಗುವುದು ಮೊದಲ ಲಕ್ಷಣಗಳು. ಮೂತಿ ಮತ್ತು ಬಿಳಿ ಚರ್ಮ ಬಿಸಿಲಿಗೆ ಸುಟ್ಟಂತಾಗಿ ಸುಲಿಯುತ್ತದೆ. ಅಂಥದ್ದನ್ನು ಕಂಡರೆ ನೆರಳಿನಲ್ಲಿ ಕಟ್ಟಿ ಅವತ್ತೇ ವೈದ್ಯರನ್ನು ಕರೆಸಿ.

ಕ್ಯಾಲೆಂಡರಿಗಿಂತ ಹಸುವಿನ ಎಡಪಕ್ಕೆ ಸರಿಯಾಗಿ ಹೇಳುತ್ತದೆ. ಸಂಜೆ ಮೇದು ಬಂದ ಹಸುವಿನ ಹಿಂದೆ, ಸ್ವಲ್ಪ ಎಡಕ್ಕೆ ನಿಂತು ನೋಡಿ. ಕೊನೆಯ ಪಕ್ಕೆಲುಬು, ಬೆನ್ನಿನ ಅಂಚು, ಸೊಂಟದ ಮೂಳೆ ಈ ಮೂರರ ನಡುವೆ ಒಂದು ಮುಕ್ಕೋನದ ಜಾಗವಿದೆ. ಹೊಟ್ಟೆ ತುಂಬಿದ್ದರೆ ಅದು ಪಕ್ಕೆಯ ಸಮಕ್ಕೆ ಇರುತ್ತದೆ. ಅಂಗೈ ಹಿಡಿಸುವಷ್ಟು ಹಳ್ಳ ಬಿದ್ದಿದ್ದರೆ ಆ ದಿನದ ಮೇವು ಸಾಲಲಿಲ್ಲ. ಎರಡು ಮೂರು ಸಂಜೆ ಹೀಗೇ ಕಂಡರೆ ಬ್ಯಾಣ ಮುಗಿಯಿತು ಎಂದು ತಿಳಿಯಿರಿ. ಆದರೆ ಒಗ್ಗಿಸುವ ಕೆಲಸ ಇದಕ್ಕೂ ಮೂರು ವಾರ ಮೊದಲೇ, ಅಂದರೆ ನವೆಂಬರ್ ಕೊನೆಗೋ ಡಿಸೆಂಬರ್ ಮೊದಲ ವಾರಕ್ಕೋ ಶುರುವಾಗಿರಬೇಕು.

ಮೊದಲ ವಾರ ಮೇಯಲು ಬಿಡುವುದನ್ನು ಮುಟ್ಟಬೇಡಿ. ಬೆಳಿಗ್ಗೆ ಬಿಡುವ ಮೊದಲು ಜರ್ಸಿಗೆ ಒಂದೂವರೆ ಕೆಜಿ, ಗಿಡ್ಡಕ್ಕೆ ಅರ್ಧ ಕೆಜಿ ಒಣಹುಲ್ಲನ್ನೋ ಕರಡವನ್ನೋ (ಒಣಗಿದ ಕಾಡುಹುಲ್ಲು) ಹಾಕಿ. ಬೆಳಿಗ್ಗೆಯೇ ಏಕೆಂದರೆ ಆಗ ಹಸಿವಿರುತ್ತದೆ, ಒಣದ್ದನ್ನೂ ತಿನ್ನುತ್ತದೆ. ಸಂಜೆ ಹೊಟ್ಟೆ ತುಂಬಿಕೊಂಡು ಬಂದ ಮೇಲೆ ಹಾಕಿದರೆ ಕಾಲಡಿಗೆ ಎಳೆದು ಹಾಸಿಗೆ ಮಾಡಿಕೊಳ್ಳುತ್ತದೆ. ಎರಡನೆಯ ವಾರ ಮಧ್ಯಾಹ್ನಕ್ಕೇ ಹೊಡೆದುಕೊಂಡು ಬನ್ನಿ, ಒಣಹುಲ್ಲನ್ನು ಇಮ್ಮಡಿ ಮಾಡಿ, ಕೊಯ್ದ ಹಸಿಮೇವು ಶುರು ಮಾಡಿ. ಮೂರನೆಯ ವಾರ ಎರಡು ಮೂರು ಗಂಟೆ ಮಾತ್ರ ಹೊರಗೆ.

ಹಿಂಡಿ, ಪಶು ಆಹಾರಕ್ಕೂ ಇದೇ ನಿಯಮ. ಮೂರು ನಾಲ್ಕು ದಿನಕ್ಕೆ ಅರ್ಧ ಕೆಜಿಗಿಂತ ಹೆಚ್ಚು ಏರಿಸಬೇಡಿ. ಹಾಲು ಇಳಿಯಿತೆಂದು ಗಾಬರಿಯಾಗಿ ಒಮ್ಮೆಗೇ ಎರಡು ಕೆಜಿ ಹಿಂಡಿ ಸುರಿಯುವುದು, ಅದರಿಂದ ಹೊಟ್ಟೆ ಕೆಟ್ಟು ಹಾಲು ಮತ್ತೂ ಇಳಿಯುವುದು, ಹಾಲಿನ ಡೈರಿಗೆ ಹಾಕುವ ಮನೆಗಳಲ್ಲಿ ತೀರಾ ಸಾಮಾನ್ಯ.

ಯಾರಿಗೆ ಎಷ್ಟು

ಮೊದಲು ತೂಕ ತಿಳಿಯಬೇಕು, ಜಂತಿನ ಔಷಧಿಯ ಅಳತೆಗೂ ಅದೇ ಬೇಕು. ಟೈಲರ್ ಟೇಪಿನಲ್ಲಿ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ತುದಿಯಿಂದ ಬಾಲದ ಪಕ್ಕದ ಮೂಳೆಯ ತುದಿವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಅಳತೆ ಸೆಂಟಿಮೀಟರಿನಲ್ಲಿದ್ದರೆ ಬರುವುದು ಕೆಜಿ. 165 ಸುತ್ತಳತೆ, 140 ಉದ್ದದ ಜರ್ಸಿ ಸುಮಾರು 350 ಕೆಜಿ. 120 ಸುತ್ತಳತೆ, 95 ಉದ್ದದ ಗಿಡ್ಡ ಸುಮಾರು 126 ಕೆಜಿ.

350 ಕೆಜಿಯ ನಿಮ್ಮ 9 ಲೀಟರ್ ಹಸುವಿಗೆ, ನೀರಿನಂಶ ಕಳೆದು ಲೆಕ್ಕ ಹಾಕಿದರೆ, ದಿನಕ್ಕೆ ಹತ್ತೂವರೆ ಕೆಜಿಯಷ್ಟು ಮೇವು ಬೇಕು. ಅದನ್ನು ಹೀಗೆ ಹೊಂದಿಸಬಹುದು: ನೇಪಿಯರ್ ಅಥವಾ ತೋಟದ ಹುಲ್ಲು 15 ಕೆಜಿ, ಒಣಹುಲ್ಲು 4 ಕೆಜಿ, ಪಶು ಆಹಾರ 5 ಕೆಜಿ. ಪಶು ಆಹಾರದಲ್ಲಿ ಒಂದೂವರೆ ಕೆಜಿ ಮೈಗೆ, ಉಳಿದದ್ದು ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿಯಂತೆ. ಐದು ಕೆಜಿಯನ್ನು ಎರಡು ಹೊತ್ತಿಗಿಂತ ಮೂರು ಹೊತ್ತಿಗೆ ಹಂಚುವುದು ಒಳ್ಳೆಯದು. ಜೊತೆಗೆ ಖನಿಜ ಮಿಶ್ರಣ 50 ಗ್ರಾಂ, ಉಪ್ಪು 30 ಗ್ರಾಂ. ಖನಿಜ ಮಿಶ್ರಣ ಬಿಡಬೇಡಿ, ಏಕೆಂದರೆ ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಮೇವಿನ ಸುಣ್ಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ.

ಗಿಡ್ಡಕ್ಕೆ ಒಣಹುಲ್ಲು 2 ಕೆಜಿ, ಹಸಿಮೇವು 5 ಕೆಜಿ, ಪಶು ಆಹಾರ ಅರ್ಧ ಕೆಜಿ, ಹಾಲಿದ್ದರೆ ಇನ್ನರ್ಧ ಕೆಜಿ. ಜರ್ಸಿಯ ಅಳತೆಯಲ್ಲಿ ತಿನ್ನಿಸಿದರೆ ಕೊಬ್ಬುತ್ತದೆ, ಗಬ್ಬ ನಿಲ್ಲುವುದು ಕಷ್ಟವಾಗುತ್ತದೆ. ಹಸಿಮೇವು ಎಷ್ಟೇ ಕಷ್ಟವಾದರೂ ಪೂರ್ತಿ ನಿಲ್ಲಿಸಬೇಡಿ. ಒಣಹುಲ್ಲಿನಲ್ಲಿ ಎ ಜೀವಸತ್ವ ಆಗುವ ಅಂಶವೇ ಇಲ್ಲ. ಅದು ತಿಂಗಳುಗಟ್ಟಲೆ ತಪ್ಪಿದರೆ ಹುಟ್ಟುವ ಕರು ಬಡಕಲಾಗುತ್ತದೆ, ಕಣ್ಣು ಮಂಕಾಗುತ್ತದೆ, ತಾಯಿಗೆ ಕಸ (ಮಾಸು) ಬೀಳುವುದು ತಡವಾಗುತ್ತದೆ.

ಏಳು ತಿಂಗಳು ತುಂಬಿದ ಹಸುವಿನ ಹಾಲನ್ನು ಈಗಲೇ ಬತ್ತಿಸಿ. ಕರು ಹಾಕುವ ಮೊದಲು 60 ದಿನ ಕೆಚ್ಚಲಿಗೆ ಬಿಡುವು ಬೇಕು. 3 ಲೀಟರಿನ ಆಸೆಗೆ ಕರೆಯುತ್ತಾ ಹೋದರೆ ಮುಂದಿನ ಸೂಲಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಕಳೆದುಕೊಳ್ಳುತ್ತೀರಿ. ಒಂದು ವಾರ ಪಶು ಆಹಾರ ಕಡಿಮೆ ಮಾಡಿ, ಒಂದು ಹೊತ್ತು ಮಾತ್ರ ಕರೆದು, ಆಮೇಲೆ ನಿಲ್ಲಿಸಿ. ಹಿಂದೆ ಕೆಚ್ಚಲು ಬಾವು ಬಂದ ಹಸು ಇದೇ ಆಗಿದ್ದರೆ, ನಿಲ್ಲಿಸುವ ದಿನ ಮೊಲೆಗೆ ಹಾಕುವ ಔಷಧಿಯನ್ನು ವೈದ್ಯರಿಂದ ಹಾಕಿಸಿ. ಬತ್ತಿದ ಮೇಲೆ ಪಶು ಆಹಾರವನ್ನು ನಿಧಾನಕ್ಕೆ ಮತ್ತೆ ಏರಿಸಿ, ಆ ಎರಡು ತಿಂಗಳು ಮೈಗೆ ಬೇಕಾದದ್ದರ ಮೇಲೆ ಒಂದು ಕೆಜಿ ಹೆಚ್ಚಿಗೆ ಇರಲಿ.

ಹಸಿಮೇವು ಸಾಲದಿದ್ದರೆ ಒಣಹುಲ್ಲನ್ನೇ ಸತ್ವಗೊಳಿಸುವ ದಾರಿಯೊಂದಿದೆ, ಯೂರಿಯಾ ಉಪಚಾರ. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು. ಟಾರ್ಪಾಲಿನ ಮೇಲೆ ಹುಲ್ಲನ್ನು ಗೇಣು ದಪ್ಪಕ್ಕೆ ಹರಡಿ, ಹೂವಿನ ಗಿಡಕ್ಕೆ ನೀರು ಹಾಕುವ ಝಾರಿಯಲ್ಲಿ ದ್ರಾವಣ ಚಿಮುಕಿಸಿ, ತುಳಿದು ಒತ್ತಿ, ಅದರ ಮೇಲೆ ಮುಂದಿನ ಪದರ. ಹೀಗೆ ರಾಶಿ ಮಾಡಿ ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಿ. ತೆಗೆದಾಗ ಹುಲ್ಲು ಕಂದು ಹಳದಿ ಬಣ್ಣಕ್ಕೆ ತಿರುಗಿರುತ್ತದೆ, ಮೂಗಿಗೆ ಅಮೋನಿಯಾ ಘಾಟು ಹೊಡೆಯುತ್ತದೆ. ಒಂದೆರಡು ಗಂಟೆ ಹರವಿಟ್ಟು ಘಾಟು ಹೋದ ಮೇಲೆ ಹಾಕಿ. ಮೊದಲು ಅರ್ಧ ಕೆಜಿ ಮಾಮೂಲಿ ಹುಲ್ಲಿಗೆ ಬೆರೆಸಿ, ವಾರದಲ್ಲಿ ಏರಿಸಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ನಿಮ್ಮ ಆರು ತಲೆಗೆ ಒಂದು ರಾಶಿ ಹೆಚ್ಚುಕಡಿಮೆ ಒಂದು ವಾರಕ್ಕೆ ಬರುತ್ತದೆ, ಹಾಗಾಗಿ ವಾರಕ್ಕೊಂದು ರಾಶಿ ಹಾಕುತ್ತಾ ಹೋಗಬೇಕು.

ಇದರ ಅಪಾಯ ಹುಲ್ಲಿನಲ್ಲಿಲ್ಲ, ಬಕೆಟ್ಟಿನ ತಳದಲ್ಲಿ ಉಳಿದ ದ್ರಾವಣದಲ್ಲಿದೆ. ಹಸು ಅದನ್ನು ಕುಡಿದರೆ ಅರ್ಧ ಗಂಟೆಯಲ್ಲೇ ನಡುಕ, ಬಾಯಲ್ಲಿ ನೊರೆ, ಹೊಟ್ಟೆಯುಬ್ಬರ ಶುರುವಾಗಿ ಸಾವೂ ಆಗಬಹುದು. ತಣ್ಣೀರಿನಲ್ಲಿ ವಿನೆಗರ್ ಬೆರೆಸಿ ಕುಡಿಸುತ್ತಾ ವೈದ್ಯರನ್ನು ಕರೆಸುವುದೊಂದೇ ಆಗ ಉಳಿಯುವ ದಾರಿ. ಯೂರಿಯಾ ಚೀಲವನ್ನು ಕೊಟ್ಟಿಗೆಯೊಳಗೆ ಇಡಲೇಬೇಡಿ. ಸರಿಯಾಗಿ ಬೆರೆಸಲು ಕೈ ಸಾಲದು ಅನ್ನಿಸಿದರೆ ಈ ದಾರಿಯನ್ನೇ ಬಿಟ್ಟುಬಿಡಿ. ಮಳೆಗೆ ಸಿಕ್ಕಿ ಬೂಸಲು ಹಿಡಿದ ಹುಲ್ಲನ್ನಂತೂ ಯಾವ ಉಪಚಾರದಿಂದಲೂ ಮೇವಾಗಿ ಮಾಡಲಾಗುವುದಿಲ್ಲ. ಬೂಸಲಿನ ವಿಷ ಹಾಲಿಗೂ ಇಳಿಯುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ.

ಟಾರ್ಪಾಲು ಬಿಚ್ಚಿ

ಮಾಗಿಯ ಚಳಿ ನಮಗೆ ಚಳಿ. ಬೆಳೆದ ಹಸುವಿಗೆ 12, 15 ಡಿಗ್ರಿ ಹಿತವಾದ ಹವೆ, ಜರ್ಸಿಗಂತೂ ಇನ್ನೂ ಹಿತ. ಮೆಲುಕಿನ ಚೀಲವೇ ಅದಕ್ಕೆ ಒಳಗಿನ ಒಲೆ. ಹಸುವಿಗೆ ಕಷ್ಟವಾಗುವುದು ತೇವ ಮತ್ತು ಘಾಟು. ಆರು ದನಗಳ ಉಸಿರಿನ ಆವಿ, ಗಂಜಲದ ಅಮೋನಿಯಾ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತರೆ ಹಾಸಿಗೆ ಒಣಗುವುದಿಲ್ಲ. ಒದ್ದೆ ಹಾಸಿಗೆಯಲ್ಲಿ ರೋಗಾಣು ಬೆಳೆಯುತ್ತವೆ, ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಅದರ ಮೇಲೆ ಕೆಚ್ಚಲು ಊರಿ ಮಲಗುತ್ತದೆ.

ಪರೀಕ್ಷೆ ಸುಲಭ. ಬೆಳಗಿನ ಜಾವ ಕೊಟ್ಟಿಗೆಗೆ ಹೋಗಿ ಟಾರ್ಚ್ ಹಾಕಿ ಮಾಡನ್ನು (ಸೂರನ್ನು) ನೋಡಿ. ಹಂಚಿನ ಒಳಮೈ, ಜೇಡರ ಬಲೆ ಹನಿಗಟ್ಟಿದ್ದರೆ ಗಾಳಿ ಸಾಲದು. ಆಮೇಲೆ ಮಲಗಿದ ಹಸುವಿನ ಮೂತಿಯ ಮಟ್ಟಕ್ಕೆ ಕುಕ್ಕರಗಾಲಿನಲ್ಲಿ ಕೂತು ಎರಡು ನಿಮಿಷ ಉಸಿರಾಡಿ. ಕಣ್ಣು ಉರಿದರೆ ಅದರ ಕಣ್ಣೂ ಶ್ವಾಸಕೋಶವೂ ರಾತ್ರಿಯಿಡೀ ಉರಿದಿದೆ ಎಂದು ಅರ್ಥ. ಕೊನೆಗೆ ಹಾಸಿಗೆಯ ಮೇಲೆ ಮೊಣಕಾಲೂರಿ. ಪಂಚೆ ಒದ್ದೆಯಾದರೆ ಹಾಸಿಗೆ ಬದಲಿಸಬೇಕು.

ನೆಲದಿಂದ ನಾಲ್ಕು ಅಡಿವರೆಗೆ ಅಡಿಕೆ ದಬ್ಬೆಯೋ (ಸೀಳಿದ ಅಡಿಕೆ ಮರ) ಗೋಡೆಯೋ ಇದ್ದು, ಅದರ ಮೇಲೆ ಮಾಡಿನವರೆಗೆ ತೆರೆದಿರಲಿ. ಕರು ಇರುವ ಮೂಲೆಗೆ ಮಾತ್ರ ಗಾಳಿ ತಡೆದು ದಪ್ಪಗೆ ಒಣಹುಲ್ಲು ಹಾಸಿ. ನೆಲದ ಇಳಿಜಾರು ಐದು ಅಡಿಗೆ ಒಂದರಿಂದ ಒಂದೂವರೆ ಅಂಗುಲ ಸಾಕು. ಅದಕ್ಕಿಂತ ಹೆಚ್ಚಾದರೆ ತುಂಬು ಗಬ್ಬದ ಹಸುವಿಗೆ ಕಷ್ಟ. ಜರ್ಸಿಗೆ ಗೋದಲಿಯಿಂದ ಕಾಲುವೆವರೆಗೆ ಐದೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ ಬೇಕು. ಜಾಗ ಗಿಡ್ಡವಾದರೆ ಹಿಂಗಾಲು ಗಂಜಲದ ಕಾಲುವೆಗೆ ಇಳಿದು ಗೊರಸು ಕೊಳೆಯುತ್ತದೆ. ಹಾಯುವ ಸ್ವಭಾವದ ದನದ ಪಕ್ಕ ಸಾಧುವನ್ನು ಕಟ್ಟಬೇಡಿ, ಅದು ಗೋದಲಿಗೆ ಬಾಯಿ ಹಾಕಲೂ ಅಂಜುತ್ತದೆ.

ಕರೆದ ಕೂಡಲೇ ಹಸು ಮಲಗದಂತೆ ನೋಡಿಕೊಳ್ಳಿ. ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆ ಹೊತ್ತಿಗೇ ಹಸಿಮೇವು ಹಾಕಿದರೆ ತಾನಾಗಿ ನಿಂತಿರುತ್ತದೆ. ಪ್ರತಿ ಮೊಲೆಯನ್ನೂ ಪೊವಿಡೋನ್ ಅಯೋಡಿನ್ ಇರುವ ಮೊಲೆ ಅದ್ದುವ ದ್ರಾವಣದಲ್ಲಿ ಅದ್ದಿ. ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆದು ಗರಣೆ (ಹಾಲಿನ ಗಡ್ಡೆ) ಇದೆಯೇ ನೋಡಿ. ಬಾವು ಕಣ್ಣಿಗೆ ಕಾಣುವ ಮೊದಲೇ ಅಲ್ಲಿ ತಿಳಿಯುತ್ತದೆ.

ಉಣ್ಣೆ, ಮಂಗನ ಕಾಯಿಲೆ, ಜಂತು

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದು ಹಸುವಿನಿಂದ ನೇರವಾಗಿ ಮನುಷ್ಯರಿಗೆ ಬರುವುದಿಲ್ಲ, ಕಾಡಿನ ಉಣ್ಣೆ (ಉಣುಗು) ಕಚ್ಚುವುದರಿಂದ ಬರುತ್ತದೆ. ಹಸುವಿನ ಪಾತ್ರ ಬೇರೆ: ಬೆಳೆದ ಉಣ್ಣೆಗೆ ಅದು ರಕ್ತದ ಊಟ. ಕಾಡಿನಂಚಿನಲ್ಲಿ ದನ ಮೇದಷ್ಟೂ ಉಣ್ಣೆ ಹೆಚ್ಚುತ್ತದೆ, ದನದ ಮೈಮೇಲೇ ಮನೆಯ ಹತ್ತಿರಕ್ಕೂ ಬರುತ್ತದೆ. ಮನುಷ್ಯರಿಗೆ ಹೆಚ್ಚಾಗಿ ರೋಗ ತಗಲಿಸುವುದು ಎಳ್ಳಿನ ಗಾತ್ರದ ಮರಿ ಉಣ್ಣೆ. ಅದರ ಕಾಲ ನವೆಂಬರ್ ಹೊತ್ತಿಗೆ ಶುರುವಾಗಿ ಬೇಸಿಗೆಯವರೆಗೆ, ಜನವರಿಯಿಂದ ಮಾರ್ಚ್‌ವರೆಗೆ ಜೋರು. ಹಾಗಾಗಿ ಈ ತಿಂಗಳುಗಳಲ್ಲಿ ದನವನ್ನು ಒಳಕಾಡಿಗೆ ಬಿಡಬೇಡಿ ಎಂದವರ ಮಾತು ಸರಿಯೇ. ಆದರೆ ದನ ಕಟ್ಟಿ, ಅದರ ಹಾಸಿಗೆಗೆಂದು ನೀವೇ ಕಾಡಿಗೆ ಹೋಗಿ ದರಕು (ಒಣ ಎಲೆ) ಗುಡಿಸಿ ಹೊತ್ತು ತಂದರೆ ಏನು ಬಂತು? ಅಪಾಯ ಹೆಚ್ಚಿರುವುದೇ ಅಲ್ಲಿ. ಈ ಮೂರು ತಿಂಗಳು ಗೋದಲಿಯಲ್ಲಿ ಉಳಿದ ಹುಲ್ಲು, ಮರದ ಹೊಟ್ಟು, ಒಣಗಿದ ಅಡಿಕೆ ಸಿಪ್ಪೆ ಹಾಸಿ. ಹೋಗಲೇಬೇಕಾದರೆ ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೀಪಾ ತೈಲ ಹಚ್ಚಿಕೊಂಡು, ಮೈ ತುಂಬ ಬಟ್ಟೆ ತೊಟ್ಟು ಹೋಗಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತ ಜಾಗದ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ.

ದನವನ್ನು ಪೂರ್ತಿ ಕಟ್ಟುವ ಎರಡು ಮೂರು ದಿನ ಮೊದಲು ಉಣ್ಣೆ ಔಷಧಿ ಮಾಡಿ, ಎರಡು ವಾರಕ್ಕೆ ಮತ್ತೊಮ್ಮೆ. ಬೆನ್ನಿನ ಉದ್ದಕ್ಕೂ ಸುರಿಯುವ ಫ್ಲುಮೆಥ್ರಿನ್ ಸುಲಭ, 10 ಕೆಜಿ ತೂಕಕ್ಕೆ 1 ಮಿಲಿ. ಸಿಂಪಡಿಸುವ ಔಷಧಿಯಾದರೆ ಬಾಟಲಿಯ ಮೇಲಿರುವ ಅಳತೆಯನ್ನು ಮೀರಬೇಡಿ. ಮೊದಲು ನೀರು ಕುಡಿಸಿ, ಬಿಸಿಲೇರುವ ಮುಂಚೆ ಹೊಡೆಯಿರಿ, ಮೈ ಒಣಗುವವರೆಗೆ ನೆಕ್ಕಗೊಡಬೇಡಿ. ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆ, ಬಾಲದ ಬುಡ, ತೊಡೆಸಂದಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಕೊಟ್ಟಿಗೆಯಲ್ಲೇ ಮರಿ ಮಾಡುವ ಬೇರೆ ಜಾತಿಯ ಉಣ್ಣೆ ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದನ ಹೊರಗಿರುವಾಗಲೇ ಬಿರುಕು ಮೆತ್ತಿ ಸುಣ್ಣ ಬಳಿಯಿರಿ.

ಜಂತಿನ ಔಷಧಿಯ ಹೆದರಿಕೆಗೆ ಆಧಾರವಿದೆ, ಆದರೆ ನೀವು ಹೆದರುತ್ತಿರುವ ಹಸು ಬೇರೆ. ಅಲ್ಬೆಂಡಜೋಲ್ ಎನ್ನುವ ಜಂತಿನ ಔಷಧಿ ಕೊಡಬಾರದ್ದು ಗಬ್ಬದ ಮೊದಲ 45 ದಿನಗಳಲ್ಲಿ. ಏಳು ತಿಂಗಳು ತುಂಬಿದ ಹಸುವಿಗಿಂತ, ಕರು ಹಾಕಿ ಎರಡು ತಿಂಗಳಾಗಿ ಈಗಷ್ಟೇ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿರಬಹುದಾದ ಹಸುವಿನ ಬಗ್ಗೆ ಎಚ್ಚರ ಬೇಕು. ಗಬ್ಬಕ್ಕೆ ಸುರಕ್ಷಿತವಾದ ಫೆನ್‌ಬೆಂಡಜೋಲ್ ಇದೆ. ಗದ್ದೆ, ಹಳ್ಳದ ಬದಿ ಮೇದ ನಿಮ್ಮ ದನಗಳಿಗೆ ದುಂಡು ಜಂತಿಗಿಂತ ಬಸವನಹುಳುವಿನ ಮೂಲಕ ಬರುವ ಯಕೃತ್ತಿನ ಚಪ್ಪಟೆ ಹುಳು, ರೂಮೆನ್ನಿನ ಹುಳುಗಳ ಕಾಟವೇ ಹೆಚ್ಚಿರುತ್ತದೆ. ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಊತ, ನಾರುವ ತೆಳು ಭೇದಿ ಅದರ ಗುರುತು. ಅದಕ್ಕೆ ಫೆನ್‌ಬೆಂಡಜೋಲ್ ಸಾಲದು, ಆಕ್ಸಿಕ್ಲೋಜನೈಡ್‌ನಂಥದು ಬೇಕು. ಅದೂ ಬೆಳೆದ ಹುಳುವಿನ ಮೇಲೆಯೇ ಚೆನ್ನಾಗಿ ಕೆಲಸ ಮಾಡುವುದರಿಂದ ಕಟ್ಟಿದ ಎರಡು ತಿಂಗಳಿಗೆ ಮತ್ತೊಮ್ಮೆ ಬೇಕಾಗಬಹುದು. ಊಹೆಯ ಮೇಲೆ ಕೊಡಬೇಡಿ. ಬೆಳಗಿನ ತಾಜಾ ಸಗಣಿಯನ್ನು ಬೆಂಕಿಪೊಟ್ಟಣದಷ್ಟು ತೆಗೆದು, ದನಕ್ಕೊಂದು ಡಬ್ಬಿಯಂತೆ, ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಯಾವ ಔಷಧಿ ಕೊಟ್ಟರೂ ಎಷ್ಟು ದಿನ ಹಾಲು ಬಳಸಬಾರದು ಎಂದು ಕೇಳಿ ತಿಳಿದುಕೊಳ್ಳಿ.

ಗಿಡ್ಡವನ್ನು ಕಟ್ಟಬೇಕೇ?

ಗಿಡ್ಡ ಕಟ್ಟಿದರೆ ಸಾಯುವುದಿಲ್ಲ. ಅದು ನಡೆದು, ಆಯ್ದು, ಸೊಪ್ಪು ಸದೆ ತಿಂದು ಬದುಕಿದ ತಳಿ. ತಿಂಗಳುಗಟ್ಟಲೆ ಗೂಟದಲ್ಲಿ ನಿಂತರೆ ಗೊರಸು ಉದ್ದ ಬೆಳೆದು ಮಡಚಿಕೊಳ್ಳುತ್ತದೆ, ಬೆದೆ ತಿಳಿಯುವುದಿಲ್ಲ, ಹಗ್ಗ ಜಗ್ಗಿ ಕುತ್ತಿಗೆ ಗಾಯವಾಗುತ್ತದೆ. ಎಲ್ಲವನ್ನೂ ಪೂರ್ತಿ ಕಟ್ಟುವುದು ಒಂದು ದಾರಿ, ಉಣ್ಣೆಯ ದೃಷ್ಟಿಯಿಂದ ಸುರಕ್ಷಿತ. ಆದರೆ ಮೇವಿನ ಖರ್ಚೂ ಕೆಲಸವೂ ಹೆಚ್ಚು. ಎಲ್ಲವನ್ನೂ ಅರ್ಧ ದಿನ ಬಿಡುವುದು ಇನ್ನೊಂದು. ಖರ್ಚು ಕಡಿಮೆ, ಆದರೆ 9 ಲೀಟರ್ ಹಸು ಒಣಬ್ಯಾಣದಲ್ಲಿ ನಡೆದು ಕಳೆದುಕೊಳ್ಳುವುದೇ ಜಾಸ್ತಿ. ನಿಮ್ಮ ಜಾಗದಲ್ಲಿ ನಾನು ಆರಿಸಿಕೊಳ್ಳುವುದು ಮೂರನೆಯದನ್ನು. ಜರ್ಸಿಗಳು ಕೊಟ್ಟಿಗೆಯಲ್ಲಿ. ಗಿಡ್ಡ ಮತ್ತು ಹೆಣ್ಣುಗರು ಮನೆಯ ಹತ್ತಿರದ ಗದ್ದೆಗೋ ಹಕ್ಕಲಿಗೋ (ಪಾಳು ಜಾಗ) ನಾಲ್ಕು ಗಂಟೆ ಹೊತ್ತು, ಕಾಡಿನಂಚಿಗೆ ಅಲ್ಲ. ಕೊಟ್ಟಿಗೆಯ ಪಕ್ಕ ಅಡಿಕೆ ದಬ್ಬೆಯ ಬೇಲಿ ಹಾಕಿ, ನೆರಳು, ನೀರು ಇರುವ ಚಿಕ್ಕ ಅಂಗಳ ಮಾಡಿದರೆ ಜರ್ಸಿಗಳನ್ನೂ ದಿನಕ್ಕೆ ಎರಡು ಗಂಟೆ ಬಿಚ್ಚಿ ಬಿಡಬಹುದು. ತುಂಬು ಗಬ್ಬದ್ದನ್ನು ಹಾಯುವ ದನದೊಡನೆ ಬಿಡಬೇಡಿ.

ಬಿಚ್ಚಿ ಬಿಡುವುದರಿಂದ ಇನ್ನೊಂದು ಲಾಭವಿದೆ. ಕರು ಹಾಕಿ ಎರಡು ತಿಂಗಳಾದ ಹಸು ಬೆದೆಗೆ ಬರುವ ಹೊತ್ತು ಇದೇ. ಕಟ್ಟಿದ ಹಸು ಬೇರೆ ದನದ ಮೇಲೆ ಹಾರಲಾರದು, ಬೆದೆ ಕಾಣದೆ 21 ದಿನ ಕಳೆದೇ ಹೋಗುತ್ತದೆ. ಅಂಗಳದಲ್ಲಿ ಬಿಟ್ಟಾಗ ಕಣ್ಣಿಗೆ ಬೀಳುತ್ತದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಮಾಡಿಸಿ.

ಒಗ್ಗಿತೋ ಇಲ್ಲವೋ ಎನ್ನುವುದನ್ನು ಮೆಲುಕಿನಲ್ಲಿ ನೋಡಿ. ಮಲಗಿ ವಿಶ್ರಮಿಸುವ ಹೊತ್ತಿನಲ್ಲಿ ಆರರಲ್ಲಿ ಮೂರಾದರೂ ಮೆಲುಕು ಹಾಕುತ್ತಿರಬೇಕು. ಒಂದು ಉಂಡೆ ಗಂಟಲಿನಿಂದ ಮೇಲೆ ಬಂದು ಮತ್ತೆ ಇಳಿಯುವುದರೊಳಗೆ ದವಡೆ ಎಷ್ಟು ಸಲ ಆಡಿತು ಎಣಿಸಿ. 50ರಿಂದ 60 ಬಂದರೆ ಹೊಟ್ಟೆ ಸರಿಯಿದೆ. 40ಕ್ಕೂ ಕಡಿಮೆ ಬಂದು, ಸಗಣಿಯಲ್ಲಿ ಗುಳ್ಳೆಯೂ ಅರಗದ ಕಾಳಿನ ಚೂರೂ ಕಂಡರೆ ಪಶು ಆಹಾರವನ್ನು ಒಂದು ಮೆಟ್ಟಿಲು ಇಳಿಸಿ ಒಣಹುಲ್ಲು ಹೆಚ್ಚಿಸಿ. ಸಗಣಿ ಒಡೆದ ಹೆಂಟೆಯಂತೆ ಗಟ್ಟಿ ಬೀಳುತ್ತಿದ್ದರೆ ಮೊದಲು ನೀರಿನ ಬಾನಿ ನೋಡಿ, ಆಮೇಲೆ ಹಸಿಮೇವಿನ ಲೆಕ್ಕ ನೋಡಿ.

ಕಟ್ಟುವ ಮೊದಲು ಕಾಲುಬಾಯಿ ಜ್ವರದ ಆರು ತಿಂಗಳ ಲಸಿಕೆ ಬಾಕಿಯಿದ್ದರೆ ಹಾಕಿಸಿ, ಒತ್ತಾಗಿ ಕಟ್ಟಿದಲ್ಲಿ ಅದು ಒಂದರಿಂದ ಒಂದಕ್ಕೆ ಬೇಗ ಹಬ್ಬುತ್ತದೆ. ಗಳಲೆ ಮತ್ತು ಚಪ್ಪೆ ರೋಗದ ಲಸಿಕೆ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಆಗಬೇಕು. ಮೊದಲ ಮಳೆಗೆ ಬ್ಯಾಣ ಹಸಿರಾದಾಗ ಒಮ್ಮೆಗೇ ಇಡೀ ದಿನ ಬಿಟ್ಟುಬಿಡಬೇಡಿ. ಬೆಳಿಗ್ಗೆ ಒಣಹುಲ್ಲು ಹಾಕಿಯೇ, ಮೊದಲ ವಾರ ಎರಡು ಗಂಟೆಯಷ್ಟೇ ಬಿಡಿ. ಒಣಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಆ ಎಳೆಹುಲ್ಲೂ ಹೊಸ ಮೇವೇ.